ಐಪಿ ಬದಲಾದರೂ ಹೆಸರು ಹಳೇ ಮಷೀನಿಗೇ ಹೋಗುತ್ತಿದೆಯೇ? ಕಚೇರಿ ಸರ್ವರ್‌ನ ಸ್ಟೇಲ್ ಡಿಎನ್‌ಎಸ್ ರೆಕಾರ್ಡ್ ಸರಿಪಡಿಸುವ ಕ್ರಮ

ಓದುಗರಿಂದ ಪದೇಪದೇ ಬರುವ ಪ್ರಶ್ನೆ ಇದು: “ಫೈಲ್ ಸರ್ವರ್‌ನ ಐಪಿ ಬದಲಾಯಿಸಿದ್ದೇವೆ. ಕೆಲವರಿಗೆ ತೆರೆದುಕೊಳ್ಳುತ್ತದೆ, ಕೆಲವರಿಗೆ ಇಲ್ಲ. ಎಲ್ಲರ ಕಂಪ್ಯೂಟರಿನಲ್ಲೂ ಡಿಎನ್‌ಎಸ್ ಫ್ಲಶ್ ಮಾಡಿದ್ದಾಯಿತು, ಆದರೂ ಹೋಗುತ್ತಿಲ್ಲ. ಇನ್ನೇನು ಮಾಡಲಿ?”

ಡಿಎನ್‌ಎಸ್ ಎಂದರೆ ಮಷೀನಿನ ಹೆಸರು ಕೇಳಿದರೆ ಅದರ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಹೇಳುವ ವ್ಯವಸ್ಥೆ. ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಜಾಗ ಕ್ಯಾಶ್, ಅದನ್ನು ಖಾಲಿ ಮಾಡುವುದೇ ಫ್ಲಶ್. ಫ್ಲಶ್ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸಿ. ಹಳೇ ಉತ್ತರ ಎಲ್ಲಿ ಕೂತಿದೆ ಎಂದು ಗೊತ್ತಾಗುವ ಮೊದಲೇ ಕ್ಯಾಶ್ ಖಾಲಿ ಮಾಡಿದರೆ, ಸಮಸ್ಯೆ ಹೋಗುವ ಬದಲು ಅದರ ಸುಳಿವು ಹೋಗುತ್ತದೆ. ಹಳೇ ಉತ್ತರ ಇರಬಹುದಾದ ಜಾಗಗಳು ನಾಲ್ಕು: ಬಳಕೆದಾರರ ಕಂಪ್ಯೂಟರಿನ ಕ್ಯಾಶ್, ಅದೇ ಕಂಪ್ಯೂಟರಿನ ಹೋಸ್ಟ್ಸ್ ಫೈಲ್ (ಹೆಸರು-ಐಪಿ ಜೋಡಿಗಳನ್ನು ಕೈಯಿಂದ ಬರೆದಿಡುವ ಫೈಲ್), ಡಿಎನ್‌ಎಸ್ ಸರ್ವರ್‌ನ ಕ್ಯಾಶ್, ಡಿಎನ್‌ಎಸ್ ಸರ್ವರ್‌ನ ಝೋನ್. ಫ್ಲಶ್ ಆದೇಶ ಮುಟ್ಟುವುದು ಮೊದಲನೆಯದನ್ನು ಮಾತ್ರ. ಕಚೇರಿಯೊಳಗಿನ ಹೆಸರುಗಳ ವಿಷಯದಲ್ಲಿ ತಪ್ಪು ಬಹುಪಾಲು ಇರುವುದು ನಾಲ್ಕನೆಯದರಲ್ಲಿ.

ಈ ಲೇಖನ ಮುಖ್ಯವಾಗಿ ವಿಂಡೋಸ್ ಸರ್ವರ್ ಮತ್ತು ಆಕ್ಟಿವ್ ಡೈರೆಕ್ಟರಿ (ಬಳಕೆದಾರರ, ಕಂಪ್ಯೂಟರುಗಳ ಖಾತೆಗಳನ್ನು ಇಡುವ ವಿಂಡೋಸ್ ಸೇವೆ) ಇರುವ ಕಚೇರಿಗಳಿಗೆ. ಬೈಂಡ್ ಅಥವಾ ಡಿಎನ್‌ಎಸ್‌ಮಾಸ್ಕ್ ಎಂಬ ಡಿಎನ್‌ಎಸ್ ತಂತ್ರಾಂಶ ಬಳಸುವವರಿಗೆ ಕೊನೆಯ ಹಂತದಲ್ಲಿ ಬೇಕಾದಷ್ಟು ಇದೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಉದಾಹರಣೆಯ ಡೊಮೇನ್ ‘ಆಫೀಸ್.ಟೆಸ್ಟ್’, ಸರ್ವರ್ ‘ಫೈಲ್01’. ಅದರ ಹಳೇ ಐಪಿ 192.168.10.25, ಹೊಸದು 192.168.10.40. ಡಿಎನ್‌ಎಸ್ ಸರ್ವರ್‌ಗಳು ಎರಡು: 192.168.10.2 ಮತ್ತು 192.168.10.3.

ಮೊದಲು ತಿಳಿದಿರಬೇಕಾದ ನಾಲ್ಕಾರು ಪದಗಳು

ಝೋನ್ ಎಂದರೆ ಒಂದು ಡೊಮೇನಿನ ಎಲ್ಲ ಹೆಸರುಗಳ ಅಧಿಕೃತ ಪಟ್ಟಿ. ಅದರಲ್ಲಿ ಹೆಸರಿನಿಂದ ಐಪಿ ಹೇಳುವ ಸಾಲು ‘ಎ’ ರೆಕಾರ್ಡ್, ಐಪಿಯಿಂದ ಹೆಸರು ಹೇಳುವುದು ‘ಪಿಟಿಆರ್’ ರೆಕಾರ್ಡ್, ಒಂದು ಹೆಸರಿಗೆ ಇನ್ನೊಂದು ಹೆಸರನ್ನು ತೋರಿಸುವುದು ‘ಸಿನೇಮ್’. ಟಿಟಿಎಲ್ ಎಂದರೆ ಉತ್ತರವನ್ನು ಎಷ್ಟು ಸೆಕೆಂಡ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಬಹುದು ಎಂಬ ಗಡುವು. ಡೈನಮಿಕ್ ಅಪ್‌ಡೇಟ್ ಎಂದರೆ ಕಂಪ್ಯೂಟರ್ ಅಥವಾ ಡಿಎಚ್‌ಸಿಪಿ ಸರ್ವರ್ (ಕಂಪ್ಯೂಟರುಗಳಿಗೆ ಐಪಿ ಹಂಚುವ ಸರ್ವರ್) ತಾನಾಗಿಯೇ ಝೋನ್‌ನಲ್ಲಿ ರೆಕಾರ್ಡ್ ಬರೆಯುವುದು. ಬರೆದ ಮಷೀನ್ ಹೋದ ಮೇಲೂ, ಅಥವಾ ಅದರ ಐಪಿ ಬದಲಾದ ಮೇಲೂ ಉಳಿದುಬಿಟ್ಟ ಸಾಲೇ ಸ್ಟೇಲ್ ರೆಕಾರ್ಡ್.

ಕೆಲಸಕ್ಕೆ ಬೇಕಾದದ್ದು: ಡಿಎನ್‌ಎಸ್ ಸರ್ವರ್‌ನಲ್ಲಿ ಅಡ್ಮಿನ್ ಹಕ್ಕು, ಡಿಎಚ್‌ಸಿಪಿ ಕನ್ಸೋಲ್‌ಗೆ ಪ್ರವೇಶ, ತೊಂದರೆ ಕಾಣುತ್ತಿರುವ ಒಂದು ಕಂಪ್ಯೂಟರ್, ತೊಂದರೆ ಇಲ್ಲದ ಇನ್ನೊಂದು ಕಂಪ್ಯೂಟರ್.

ಹಂತ 1: ಲಕ್ಷಣವನ್ನು ಸರಿಯಾಗಿ ಓದಿ

“ನೆಟ್‌ವರ್ಕ್ ಇಲ್ಲ” ಎಂದು ಬರುವ ದೂರಿನಲ್ಲಿ ನಾಲ್ಕು ಬೇರೆಬೇರೆ ಲಕ್ಷಣ ಅಡಗಿರಬಹುದು.

ಒಮ್ಮೆ ತೆರೆದುಕೊಳ್ಳುತ್ತದೆ, ಮರುಗಳಿಗೆ ಇಲ್ಲ ಎಂದಾದರೆ ಒಂದೇ ಹೆಸರಿಗೆ ಎರಡು ‘ಎ’ ರೆಕಾರ್ಡ್ ಇರುವ ಸಾಧ್ಯತೆ ಹೆಚ್ಚು. ಡಿಎನ್‌ಎಸ್ ಸರ್ವರ್ ಎರಡನ್ನೂ ಸರದಿಯಲ್ಲಿ ಮುಂದಿಟ್ಟು ಕೊಡುತ್ತದೆ.

ಕೆಲವರಿಗೆ ಯಾವಾಗಲೂ ಸರಿ, ಕೆಲವರಿಗೆ ಯಾವಾಗಲೂ ತಪ್ಪು ಎಂದಾದರೆ ಎರಡು ಡಿಎನ್‌ಎಸ್ ಸರ್ವರ್‌ಗಳ ನಡುವೆ ತಾಳೆ ಇಲ್ಲ, ಅಥವಾ ಆ ಕೆಲವರ ಕಂಪ್ಯೂಟರಿನಲ್ಲೇ ಹಳೇ ಉತ್ತರ ಇದೆ.

ಹೆಸರಿನಿಂದ ಹೋದರೆ ‘ಟಾರ್ಗೆಟ್ ಪ್ರಿನ್ಸಿಪಲ್ ನೇಮ್ ಈಸ್ ಇನ್‌ಕರೆಕ್ಟ್’ ಎಂಬ ದೋಷ ಬರುತ್ತದೆಯೇ? ಇದನ್ನು ಪಾಸ್‌ವರ್ಡ್ ಸಮಸ್ಯೆ ಎಂದು ತಿಳಿದು ಖಾತೆ ರೀಸೆಟ್ ಮಾಡುತ್ತಾ ಕೂರುವವರು ಬಹಳ. ನಡೆಯುವುದು ಬೇರೆ: ಕರ್ಬೆರೋಸ್ (ಡೊಮೇನ್‌ನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆ) ಕೊಟ್ಟ ಟಿಕೆಟ್ ‘ಫೈಲ್01’ರ ಕೀಲಿಯಿಂದ ಮುಚ್ಚಿದ್ದು, ಆದರೆ ಡಿಎನ್‌ಎಸ್ ಕಳಿಸಿದ್ದು ಆ ಐಪಿಯಲ್ಲಿ ಈಗ ಕೂತಿರುವ ಬೇರೊಂದು ಮಷೀನಿಗೆ. ಅದಕ್ಕೆ ಆ ಟಿಕೆಟ್ ಬಿಚ್ಚಲು ಬರುವುದಿಲ್ಲ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಸೆಕ್ಯುರಿಟಿ-ಕರ್ಬೆರೋಸ್ ಮೂಲದ ಈವೆಂಟ್ 4 ಕಂಡರೆ ಮೊದಲು ಡಿಎನ್‌ಎಸ್ ನೋಡಿ. ಒಂದೇ ಸೇವೆಯ ಹೆಸರು ಎರಡು ಖಾತೆಗಳಲ್ಲಿ ನೋಂದಾಯಿತವಾಗಿದ್ದರೂ ಇದೇ ಈವೆಂಟ್ ಬರುತ್ತದೆ, ಆದರೆ ಅದು ಎರಡನೆಯ ಅನುಮಾನವಾಗಲಿ.

ಇನ್ನು ಹೊಸ ಐಪಿಯಿಂದ ಹೋದರೂ ತೆರೆಯುತ್ತಿಲ್ಲ ಎಂದರೆ ಅದು ಡಿಎನ್‌ಎಸ್ ಸಮಸ್ಯೆಯೇ ಅಲ್ಲ. ಫೈರ್‌ವಾಲ್, ವಿಲ್ಯಾನ್ (ನೆಟ್‌ವರ್ಕನ್ನು ಭಾಗ ಮಾಡುವ ಏರ್ಪಾಡು) ಕಡೆ ನೋಡಿ.

ಹಂತ 2: ಹಳೇ ಉತ್ತರ ಎಲ್ಲಿದೆ ಎಂದು ಪತ್ತೆ ಮಾಡಿ

ತೊಂದರೆ ಇರುವ ಕಂಪ್ಯೂಟರಿನಲ್ಲಿ, ಏನನ್ನೂ ಫ್ಲಶ್ ಮಾಡದೆ, ಈ ಮೂರನ್ನು ಇದೇ ಕ್ರಮದಲ್ಲಿ ಮಾಡಿ.

ಪಿಂಗ್ ಫೈಲ್01.ಆಫೀಸ್.ಟೆಸ್ಟ್

ಎನ್‌ಎಸ್‌ಲುಕಪ್ ಫೈಲ್01.ಆಫೀಸ್.ಟೆಸ್ಟ್. 192.168.10.2

ಎನ್‌ಎಸ್‌ಲುಕಪ್ ಫೈಲ್01.ಆಫೀಸ್.ಟೆಸ್ಟ್. 192.168.10.3

ಹೆಸರಿನ ಕೊನೆಯಲ್ಲಿರುವ ಚುಕ್ಕೆ ಮುದ್ರಣದೋಷವಲ್ಲ. ಅದಿಲ್ಲದಿದ್ದರೆ ಎನ್‌ಎಸ್‌ಲುಕಪ್ ತನ್ನಲ್ಲಿರುವ ಡೊಮೇನ್ ಪ್ರತ್ಯಯಗಳನ್ನು ಹೆಸರಿಗೆ ಅಂಟಿಸಿ ಹುಡುಕಬಹುದು, ಬರುವ ಉತ್ತರ ಬೇರಾವುದೋ ಹೆಸರಿನದಾಗಿರಬಹುದು.

ಪಿಂಗ್‌ಗೆ ಉತ್ತರ ಬರದಿದ್ದರೂ ಚಿಂತೆಯಿಲ್ಲ. ಮೊದಲ ಸಾಲಿನಲ್ಲಿ ಅದು ಯಾವ ಐಪಿ ತೋರಿಸಿತು ಎಂಬುದಷ್ಟೇ ಮುಖ್ಯ. ಪಿಂಗ್ ಕಂಪ್ಯೂಟರಿನ ಕ್ಯಾಶ್ ಮತ್ತು ಹೋಸ್ಟ್ಸ್ ಫೈಲ್ ಎರಡನ್ನೂ ನೋಡಿಯೇ ಮುಂದೆ ಹೋಗುತ್ತದೆ. ಎನ್‌ಎಸ್‌ಲುಕಪ್ ಅವೆರಡನ್ನೂ ಬಿಟ್ಟು ನೇರವಾಗಿ ಸರ್ವರ್‌ಗೆ ಕೇಳುತ್ತದೆ. ಈ ವ್ಯತ್ಯಾಸದಲ್ಲೇ ಅರ್ಧ ಪತ್ತೆದಾರಿಕೆ ಮುಗಿಯುತ್ತದೆ:

ಪಿಂಗ್ 25 (ಹಳೇ ಐಪಿಯ ಕೊನೆಯ ಸಂಖ್ಯೆ) ಎಂದು, ಎರಡೂ ಸರ್ವರ್‌ಗಳು 40 (ಹೊಸದರದ್ದು) ಎಂದು ಹೇಳಿದರೆ ದೋಷ ಕಂಪ್ಯೂಟರಿನಲ್ಲಿದೆ. ಹಂತ 3ಕ್ಕೆ ಹೋಗಿ.

ಒಂದು ಸರ್ವರ್ 25, ಇನ್ನೊಂದು 40 ಎಂದರೆ ರೆಪ್ಲಿಕೇಶನ್ (ಒಂದು ಸರ್ವರ್‌ನ ಬದಲಾವಣೆ ಇನ್ನೊಂದಕ್ಕೆ ತಲುಪುವುದು) ತಡವಾಗಿದೆ ಅಥವಾ ಕೆಟ್ಟಿದೆ. ಹಂತ 4.

ಎರಡೂ 25 ಎಂದರೆ, ಅಥವಾ ಎರಡೂ ಐಪಿಗಳನ್ನು ಒಟ್ಟಿಗೆ ಕೊಟ್ಟರೆ, ಝೋನ್‌ನಲ್ಲೇ ಹಳೇ ರೆಕಾರ್ಡ್ ಇದೆ. ಹಂತ 5.

ಸರ್ವರ್ ಕೊಡುತ್ತಿರುವ ಉತ್ತರ ಅದರ ಝೋನ್‌ನದೋ ಕ್ಯಾಶ್‌ನದೋ ಎಂದು ಸಂಶಯ ಬಂದರೆ ಟಿಟಿಎಲ್ ನೋಡಿ. ಎನ್‌ಎಸ್‌ಲುಕಪ್‌ಗೆ ‘-ಡೀಬಗ್’ ಸೇರಿಸಿ, ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ಕೇಳಿ. 1200, ಮತ್ತೆ 1200 ಎಂದೇ ಬಂದರೆ ಝೋನ್‌ನಿಂದ ಬಂದ ಉತ್ತರ. 1200 ಇದ್ದದ್ದು 1190ಕ್ಕೆ ಇಳಿದಿದ್ದರೆ ಕ್ಯಾಶ್‌ನದು. ಅಂದರೆ ಆ ಸರ್ವರ್ ಬೇರೆ ಕಡೆ ಕೇಳಿ ತಂದು ಇಟ್ಟುಕೊಂಡಿದೆ. ಆಗ ಆ ಸರ್ವರ್‌ನ ಪವರ್‌ಶೆಲ್‌ನಲ್ಲಿ ‘ಕ್ಲಿಯರ್-ಡಿಎನ್‌ಎಸ್‌ಸರ್ವರ್‌ಕ್ಯಾಶ್’ ಕೊಟ್ಟರೆ ಸಾಕು. ಈ ಆದೇಶ ಝೋನ್‌ನ ರೆಕಾರ್ಡ್‌ಗಳನ್ನು ಮುಟ್ಟುವುದಿಲ್ಲ, ಧೈರ್ಯವಾಗಿ ಬಳಸಿ.

ಹಂತ 3: ದೋಷ ಕಂಪ್ಯೂಟರಿನಲ್ಲಿದ್ದರೆ

ಈಗ ಫ್ಲಶ್ ಮಾಡುವ ಸಮಯ. ಮೊದಲು ‘ಐಪಿಕಾನ್ಫಿಗ್ /ಡಿಸ್‌ಪ್ಲೇಡಿಎನ್‌ಎಸ್’ ಕೊಟ್ಟು ಹಳೇ ಸಾಲು ಇದೆಯೇ ನೋಡಿ, ಆಮೇಲೆ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಟ್ಟು ಮತ್ತೆ ನೋಡಿ. ಫ್ಲಶ್ ಆದ ತಕ್ಷಣವೂ ಅದೇ ಸಾಲು ಅಲ್ಲೇ ಇದ್ದರೆ ಅದು ಹೋಸ್ಟ್ಸ್ ಫೈಲಿನಿಂದ ಬಂದದ್ದು. ಸಿ ಡ್ರೈವ್‌ನಲ್ಲಿ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂಬ ಫೋಲ್ಡರ್‌ಗಳೊಳಗೆ ‘ಹೋಸ್ಟ್ಸ್’ ಎಂಬ ಫೈಲ್ ಇದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆ ಸಾಲು ತೆಗೆಯಿರಿ. ಯಾರೋ ಯಾವಾಗಲೋ “ತಾತ್ಕಾಲಿಕವಾಗಿ” ಸೇರಿಸಿದ ಸಾಲು ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಸಿಸ್ಟಮ್‌ಡಿ-ರಿಸಾಲ್ವ್ಡ್ ಇದ್ದರೆ ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’. ಮ್ಯಾಕ್‌ನಲ್ಲಿ ‘ಡಿಎಸ್‌ಕ್ಯಾಶ್‌ಯುಟಿಲ್ -ಫ್ಲಶ್‌ಕ್ಯಾಶ್’ ಕೊಟ್ಟ ಮೇಲೆ ‘ಕಿಲ್‌ಆಲ್ -ಹಪ್ ಎಂಡಿಎನ್‌ಎಸ್‌ರೆಸ್ಪಾಂಡರ್’, ಎರಡಕ್ಕೂ ಮುಂದೆ ‘ಸುಡೂ’.

ಕಂಪ್ಯೂಟರಿನಲ್ಲಿ ನೋಡಬೇಕಾದ ಇನ್ನೊಂದು ಅಂಶ ಅದಕ್ಕೆ ಕೊಟ್ಟಿರುವ ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ. ‘ಐಪಿಕಾನ್ಫಿಗ್ /ಆಲ್’ ಕೊಟ್ಟಾಗ ಮೊದಲನೆಯದಾಗಿ ಕಚೇರಿಯ ಸರ್ವರ್, ಎರಡನೆಯದಾಗಿ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಅಥವಾ ರೌಟರ್ ಕಂಡರೆ ಅದು ತಪ್ಪು ಸಂರಚನೆ. ಎರಡನೆಯದು ಇರುವುದು ಮೊದಲನೆಯದಕ್ಕೆ ಗೊತ್ತಿಲ್ಲದ್ದನ್ನು ಕೇಳಲು ಅಲ್ಲ. ಮೊದಲನೆಯದು ಉತ್ತರಿಸಲು ತಡಮಾಡಿದಾಗ ವಿಂಡೋಸ್ ಎರಡನೆಯದಕ್ಕೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಡಬಹುದು. ಸಾರ್ವಜನಿಕ ಸರ್ವರ್‌ಗೆ ನಿಮ್ಮ ‘ಫೈಲ್01’ ಗೊತ್ತಿಲ್ಲ, “ಅಂಥ ಹೆಸರಿಲ್ಲ” ಎನ್ನುತ್ತದೆ, ಆ “ಇಲ್ಲ” ಎಂಬ ಉತ್ತರವೂ ಕ್ಯಾಶ್ ಆಗುತ್ತದೆ. ಡೊಮೇನ್‌ಗೆ ಸೇರಿದ ಕಂಪ್ಯೂಟರುಗಳಿಗೆ ಒಳಗಿನ ಡಿಎನ್‌ಎಸ್ ಸರ್ವರ್‌ಗಳನ್ನು ಮಾತ್ರ ಕೊಡಿ. ಹೊರಗಿನ ಹೆಸರುಗಳನ್ನು ಆ ಸರ್ವರ್‌ಗಳೇ ಫಾರ್ವರ್ಡರ್ ಮೂಲಕ ಕೇಳಿ ತರಲಿ.

ಎಲ್ಲವೂ ಸರಿಯಿದ್ದು ಒಂದು ಅಪ್ಲಿಕೇಶನ್ ಮಾತ್ರ ಹಳೇ ಐಪಿಗೆ ಹೋಗುತ್ತಿದ್ದರೆ ಅದಕ್ಕೆ ತನ್ನದೇ ನೆನಪು ಇದೆ ಎಂದರ್ಥ. ಬ್ರೌಸರ್‌ಗಳು ತಮ್ಮ ಕ್ಯಾಶ್ ಇಟ್ಟುಕೊಳ್ಳುತ್ತವೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಸಂರಚನೆಯಲ್ಲಿ ಹಿಂದಿನ ಸರ್ವರ್‌ನ ಹೆಸರು ನೇರವಾಗಿ ಬರೆದಿದ್ದರೆ ಸಾಮಾನ್ಯವಾಗಿ ಅದು ಶುರುವಾಗುವಾಗ ಒಮ್ಮೆ ಮಾತ್ರ ಐಪಿ ಕೇಳುತ್ತದೆ. ರೀಲೋಡ್ ಮಾಡದೆ ಬದಲಾಗುವುದಿಲ್ಲ. ಪ್ರಿಂಟರ್ ಪೋರ್ಟ್‌ಗಳಲ್ಲಿ ಹಲವು ಸಲ ಹೆಸರಿನ ಬದಲು ಐಪಿಯೇ ಇರುತ್ತದೆ. ಅಲ್ಲಿ ಡಿಎನ್‌ಎಸ್ ಎಷ್ಟು ತಿದ್ದಿದರೂ ವ್ಯರ್ಥ.

ಹಂತ 4: ಎರಡು ಸರ್ವರ್ ಎರಡು ಮಾತು ಹೇಳಿದರೆ

ಆಕ್ಟಿವ್ ಡೈರೆಕ್ಟರಿಯೊಳಗೆ ಇಟ್ಟ ಝೋನ್ ಡೊಮೇನ್ ಕಂಟ್ರೋಲರುಗಳ (ಆ ಡೈರೆಕ್ಟರಿ ನಡೆಸುವ ಸರ್ವರ್‌ಗಳ) ರೆಪ್ಲಿಕೇಶನ್ ಮೂಲಕವೇ ಹರಡುತ್ತದೆ. ಒಂದೇ ಸೈಟ್‌ನೊಳಗೆ ಇದು ಕ್ಷಣಗಳ ಕೆಲಸ. ಆಮೇಲೆ ಡಿಎನ್‌ಎಸ್ ಸೇವೆ ಡೈರೆಕ್ಟರಿಯನ್ನು ನೋಡುವುದು ಡೀಫಾಲ್ಟ್ ಆಗಿ 3 ನಿಮಿಷಕ್ಕೊಮ್ಮೆ. ಆದ್ದರಿಂದ ಐದು ನಿಮಿಷ ಕಾಯುವುದು ನ್ಯಾಯ. ಬೇರೆ ಶಾಖೆಯ ಸೈಟ್ ಆದರೆ ಡೀಫಾಲ್ಟ್ ಅಂತರ 180 ನಿಮಿಷ, ಅಷ್ಟು ಹೊತ್ತು ವ್ಯತ್ಯಾಸ ಇದ್ದರೆ ಅದು ದೋಷವೇ ಅಲ್ಲ.

ಅದಕ್ಕೂ ಮೀರಿದರೆ ‘ರೆಪ್‌ಅಡ್ಮಿನ್ /ರೆಪ್ಲ್‌ಸಮರಿ’ ಕೊಟ್ಟು ವಿಫಲವಾದ ಸಂಪರ್ಕ ಇದೆಯೇ ನೋಡಿ. ವಿಫಲತೆ ಇದ್ದರೆ ಡಿಎನ್‌ಎಸ್ ಬಿಟ್ಟು ಮೊದಲು ರೆಪ್ಲಿಕೇಶನ್ ಸರಿಪಡಿಸಿ. ತಾಳೆಯಾಗಲೆಂದು ಎರಡೂ ಸರ್ವರ್‌ಗಳಲ್ಲಿ ಕೈಯಿಂದ ರೆಕಾರ್ಡ್ ಬರೆಯಬೇಡಿ. ಸಂಪರ್ಕ ಮರಳಿದಾಗ ಎರಡು ಬದಲಾವಣೆಗಳು ಡಿಕ್ಕಿ ಹೊಡೆದು ಒಂದು ಉಳಿಯುತ್ತದೆ, ಅದು ನಿಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ.

ಹಂತ 5: ಝೋನ್‌ನಲ್ಲಿರುವ ಹಳೇ ರೆಕಾರ್ಡ್ ಅಳಿಸಿ

ಅಳಿಸುವ ಮೊದಲು ಪ್ರತಿ ತೆಗೆಯಿರಿ:

ಎಕ್ಸ್‌ಪೋರ್ಟ್-ಡಿಎನ್‌ಎಸ್‌ಸರ್ವರ್‌ಝೋನ್ -ನೇಮ್ ಆಫೀಸ್.ಟೆಸ್ಟ್ -ಫೈಲ್‌ನೇಮ್ ಆಫೀಸ್-ಬ್ಯಾಕಪ್.ಟಿಎಕ್ಸ್‌ಟಿ

ಫೈಲ್ ಸಿಸ್ಟಮ್32 ಒಳಗಿನ ‘ಡಿಎನ್‌ಎಸ್’ ಫೋಲ್ಡರ್‌ನಲ್ಲಿ ಬೀಳುತ್ತದೆ. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಆದೇಶ ವಿಫಲವಾಗುತ್ತದೆ, ಪ್ರತಿ ಸಲ ಹೊಸ ಹೆಸರು ಕೊಡಿ. ಈ ಪ್ರತಿಯಲ್ಲಿ ರೆಕಾರ್ಡ್‌ಗಳಿರುತ್ತವೆ, ಅವುಗಳ ಮೇಲಿನ ಹಕ್ಕುಪಟ್ಟಿ ಇರುವುದಿಲ್ಲ.

ಈಗ ಡಿಎನ್‌ಎಸ್ ಮ್ಯಾನೇಜರ್ ತೆರೆದು ವ್ಯೂ ಮೆನುವಿನಲ್ಲಿ ‘ಅಡ್ವಾನ್ಸ್ಡ್’ ಆನ್ ಮಾಡಿ. ಆಗ ಮಾತ್ರ ರೆಕಾರ್ಡ್‌ನ ಪ್ರಾಪರ್ಟೀಸ್‌ನಲ್ಲಿ ‘ಡಿಲೀಟ್ ದಿಸ್ ರೆಕಾರ್ಡ್ ವೆನ್ ಇಟ್ ಬಿಕಮ್ಸ್ ಸ್ಟೇಲ್’ ಎಂಬ ಚೆಕ್‌ಬಾಕ್ಸ್ ಮತ್ತು ಟೈಮ್‌ಸ್ಟ್ಯಾಂಪ್ ಕಾಣುತ್ತವೆ. ‘ಫೈಲ್01’ರ ಮುಂದೆ ‘ಸ್ಟ್ಯಾಟಿಕ್’ ಎಂದಿದ್ದರೆ ಯಾರೋ ಕೈಯಿಂದ ಬರೆದದ್ದು; ಅದು ತಾನಾಗಿ ಎಂದೂ ಅಳಿಯುವುದಿಲ್ಲ. ದಿನಾಂಕ ಇದ್ದರೆ ಡೈನಮಿಕ್ ಆಗಿ ಬಂದದ್ದು. ಈ ಒಂದು ಕಾಲಂ ಓದಿದರೆ ಕಾರಣದ ಅರ್ಧ ಸಿಕ್ಕಂತೆ. ಅಳಿಸುವ ಮುಂಚೆ ಅದನ್ನು ಬರೆದಿಟ್ಟುಕೊಳ್ಳಿ, ಜೊತೆಗೆ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಒಡೆಯ ಯಾರೆಂದೂ ನೋಡಿಕೊಳ್ಳಿ. ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಪವರ್‌ಶೆಲ್‌ನಿಂದ ಅಳಿಸುವವರಿಗೆ ಎಚ್ಚರಿಕೆ: ‘ರಿಮೂವ್-ಡಿಎನ್‌ಎಸ್‌ಸರ್ವರ್‌ರಿಸೋರ್ಸ್‌ರೆಕಾರ್ಡ್’ ಆದೇಶಕ್ಕೆ ‘-ರೆಕಾರ್ಡ್‌ಡೇಟಾ 192.168.10.25’ ಎಂದು ಐಪಿಯನ್ನೂ ಕೊಡಿ. ಕೊಡದಿದ್ದರೆ ಆ ಹೆಸರಿನ ಎಲ್ಲ ‘ಎ’ ರೆಕಾರ್ಡ್‌ಗಳೂ ಹೋಗುತ್ತವೆ, ಹೊಸ 40 ಕೂಡ.

‘ಎ’ ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ರಿವರ್ಸ್ ಝೋನ್‌ನಲ್ಲಿ 25ರ ಪಿಟಿಆರ್ ಇನ್ನೂ ‘ಫೈಲ್01’ ಎನ್ನುತ್ತಿದೆಯೇ ನೋಡಿ. ಐಪಿವಿ6 ವಿಳಾಸದ ‘ಎಎಎಎ’ ರೆಕಾರ್ಡ್ ಇದೆಯೇ ನೋಡಿ. ವಿಂಡೋಸ್ ಹೆಚ್ಚಾಗಿ ಐಪಿವಿ6ಕ್ಕೇ ಆದ್ಯತೆ ಕೊಡುವುದರಿಂದ ‘ಎ’ ಸರಿಯಿದ್ದರೂ ಹಳೇ ‘ಎಎಎಎ’ ದಾರಿ ತಪ್ಪಿಸುತ್ತದೆ. ಹಳೇ ಹೆಸರಿಗೆ ತೋರಿಸುವ ಸಿನೇಮ್‌ಗಳನ್ನೂ ಹುಡುಕಿ.

ಅಳಿಸಿದ ಮೇಲೆ ‘ಫೈಲ್01’ರಲ್ಲಿ ‘ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್‌ಎಸ್’ ಕೊಡಿ. ದೋಷವಿದ್ದರೆ 15 ನಿಮಿಷದೊಳಗೆ ಈವೆಂಟ್ ವ್ಯೂವರ್‌ನಲ್ಲಿ ಬರುತ್ತದೆ ಎಂದು ಆ ಆದೇಶವೇ ಹೇಳುತ್ತದೆ. ಹೇಳಿದಂತೆ ಹೋಗಿ ನೋಡುವವರು ಕಡಿಮೆ. ಬಳಕೆದಾರರ ಕಂಪ್ಯೂಟರುಗಳಲ್ಲಿ ಹಳೇ ಉತ್ತರ ಟಿಟಿಎಲ್ ಮುಗಿಯುವವರೆಗೆ ಉಳಿಯುತ್ತದೆ. ವಿಂಡೋಸ್ ತಾನಾಗಿ ನೋಂದಾಯಿಸಿದ ಹೋಸ್ಟ್ ರೆಕಾರ್ಡ್‌ಗೆ ಡೀಫಾಲ್ಟ್ 1200 ಸೆಕೆಂಡ್, ಅಂದರೆ 20 ನಿಮಿಷ. ಕನ್ಸೋಲ್‌ನಿಂದ ಕೈಯಲ್ಲಿ ಬರೆದದ್ದಕ್ಕೆ ಒಂದು ಗಂಟೆ.

ತೆಗೆದುಹಾಕಿದ ಡೊಮೇನ್ ಕಂಟ್ರೋಲರ್‌ನ ರೆಕಾರ್ಡ್‌ಗಳಾದರೆ ಇಷ್ಟು ಸಾಲದು. ‘_ಎಂಎಸ್‌ಡಿಸಿಎಸ್’ ಝೋನ್‌ನಲ್ಲಿ ಅದರ ಎಸ್‌ಆರ್‌ವಿ ರೆಕಾರ್ಡ್‌ಗಳು (ಯಾವ ಸೇವೆ ಯಾವ ಸರ್ವರ್‌ನಲ್ಲಿದೆ ಎಂದು ಹೇಳುವವು), ಪ್ರತಿ ಝೋನ್‌ನ ನೇಮ್ ಸರ್ವರ್ಸ್ ಟ್ಯಾಬ್‌ನಲ್ಲಿ ಅದರ ಹೆಸರು, ಡೊಮೇನ್ ಹೆಸರಿಗೇ ಇರುವ ‘ಎ’ ಸಾಲುಗಳಲ್ಲಿ ಅದರ ಐಪಿ, ಉಳಿದ ಸರ್ವರ್‌ಗಳ ಫಾರ್ವರ್ಡರ್ ಪಟ್ಟಿ, ಎಲ್ಲವನ್ನೂ ನೋಡಬೇಕು. ಕಂಟ್ರೋಲರ್ ಸರಿಯಾಗಿ ಡಿಮೋಟ್ ಆಗದೆ (ಆ ಪಾತ್ರದಿಂದ ಇಳಿಯದೆ) ಕೆಟ್ಟುಹೋಗಿದ್ದರೆ ಮೊದಲು ಡೈರೆಕ್ಟರಿಯಲ್ಲಿ ಮೆಟಾಡೇಟಾ ಕ್ಲೀನಪ್ (ಅದರ ಉಳಿದ ದಾಖಲೆಗಳನ್ನು ತೆಗೆಯುವುದು) ಮಾಡಿ, ಆಮೇಲೆ ಡಿಎನ್‌ಎಸ್ ಮುಟ್ಟಿ.

ಹಂತ 6: ಅದು ಯಾಕೆ ಉಳಿಯಿತು?

ಅಳಿಸಿ ಸುಮ್ಮನಾದರೆ ಅದೇ ದೂರು ಮತ್ತೆ ಬರುತ್ತದೆ. ಕಚೇರಿಗಳಲ್ಲಿ ಪದೇಪದೇ ಕಾಣುವ ಕಾರಣಗಳು ಇವು.

ಸ್ಟ್ಯಾಟಿಕ್ ರೆಕಾರ್ಡ್. ಸರ್ವರ್ ತನ್ನ ಹೊಸ ಐಪಿ ನೋಂದಾಯಿಸಲು ಹೋದರೂ ಕೈಯಿಂದ ಬರೆದ ಸಾಲನ್ನು ತಿದ್ದುವ ಹಕ್ಕು ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಸರ್ವರ್‌ಗಳಿಗೆ ಸ್ಟ್ಯಾಟಿಕ್ ಇಡುವುದು ತಪ್ಪಲ್ಲ, ಆದರೆ ಆಗ ಐಪಿ ಬದಲಾವಣೆಯ ಕೆಲಸಪಟ್ಟಿಯಲ್ಲಿ ಡಿಎನ್‌ಎಸ್ ಒಂದು ಸಾಲಾಗಿ ಇರಲೇಬೇಕು.

ಒಡೆತನದ ಜಗಳ. ಇದು ಕಣ್ಣಿಗೆ ಬೀಳುವುದು ಕಷ್ಟ, ಹಾಗಾಗಿ ಸ್ವಲ್ಪ ವಿವರವಾಗಿ. ‘ಸೆಕ್ಯೂರ್ ಓನ್ಲಿ’ ಡೈನಮಿಕ್ ಅಪ್‌ಡೇಟ್ ಇರುವ ಝೋನ್‌ನಲ್ಲಿ ರೆಕಾರ್ಡನ್ನು ಯಾವ ಖಾತೆ ಸೃಷ್ಟಿಸಿತೋ ಆ ಖಾತೆ ಮಾತ್ರ ತಿದ್ದಬಹುದು. ಒಂದು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ, ಡೈರೆಕ್ಟರಿಯಿಂದ ಅದರ ಖಾತೆ ಅಳಿಸಿ, ಅದೇ ಹೆಸರಿನಲ್ಲಿ ಮತ್ತೆ ಡೊಮೇನ್‌ಗೆ ಸೇರಿಸಿದರೆ ಹೆಸರು ಒಂದೇ, ಆದರೆ ಒಳಗಿನ ಭದ್ರತಾ ಗುರುತು ಹೊಸದು. ಡಿಎನ್‌ಎಸ್‌ಗೆ ಅದು ಅಪರಿಚಿತ ಮಷೀನ್. ಅಪ್‌ಡೇಟ್ ನಿರಾಕರಿಸಲಾಗುತ್ತದೆ, ಹಳೇ ಐಪಿ ಹಾಗೇ ನಿಲ್ಲುತ್ತದೆ. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಹೆಸರಿನ ಬದಲು ‘ಎಸ್-1-5-21’ರಿಂದ ಶುರುವಾಗುವ ಉದ್ದನೆಯ ಸಂಖ್ಯೆ ಕಂಡರೆ ಇದೇ ಕಥೆ. ರೆಕಾರ್ಡ್ ಅಳಿಸಿ ಮತ್ತೆ ನೋಂದಾಯಿಸಿದರೆ ಸರಿಹೋಗುತ್ತದೆ. ಮುಂದೆ ಫಾರ್ಮ್ಯಾಟ್ ಮಾಡುವಾಗ ಖಾತೆಯನ್ನು ಅಳಿಸದೆ ರೀಸೆಟ್ ಮಾಡಿ, ಗುರುತು ಹಾಗೇ ಉಳಿಯುತ್ತದೆ.

ಡಿಎಚ್‌ಸಿಪಿ ಮತ್ತು ಕಂಪ್ಯೂಟರ್ ಇಬ್ಬರೂ ಬರೆಯುವುದು. ವಿಂಡೋಸ್‌ನ ಡೀಫಾಲ್ಟ್ ಏರ್ಪಾಟಿನಲ್ಲಿ ‘ಎ’ ರೆಕಾರ್ಡ್ ಬರೆಯುವುದು ಕಂಪ್ಯೂಟರ್, ಪಿಟಿಆರ್ ಬರೆಯುವುದು ಡಿಎಚ್‌ಸಿಪಿ ಸರ್ವರ್. ಲೀಸ್, ಅಂದರೆ ಐಪಿಯ ಬಾಡಿಗೆ ಅವಧಿ, ಮುಗಿದಾಗ ಡಿಎಚ್‌ಸಿಪಿ ತಾನು ಬರೆದದ್ದನ್ನು ಅಳಿಸುತ್ತದೆ. ಕಂಪ್ಯೂಟರ್ ಬರೆದ ‘ಎ’ ಸಾಲಿನ ಮೇಲೆ ಸಾಮಾನ್ಯವಾಗಿ ಅದಕ್ಕೆ ಅಧಿಕಾರವಿಲ್ಲ. ಕಂಪ್ಯೂಟರ್ ಬ್ಯಾಗಿನೊಳಗೆ ಮನೆಗೆ ಹೋಗಿರುತ್ತದೆ, ಸಾಲು ಅನಾಥ. ಪರಿಹಾರ: ಒಂದು ಸಾಮಾನ್ಯ ಡೊಮೇನ್ ಬಳಕೆದಾರ ಖಾತೆಯನ್ನು ಇದಕ್ಕೆಂದೇ ಸೃಷ್ಟಿಸಿ, ಡಿಎಚ್‌ಸಿಪಿ ಕನ್ಸೋಲ್‌ನಲ್ಲಿ ಐಪಿವಿ4 ಪ್ರಾಪರ್ಟೀಸ್, ಅಡ್ವಾನ್ಸ್ಡ್, ಕ್ರೆಡೆನ್ಶಿಯಲ್ಸ್‌ನಲ್ಲಿ ಕೊಡಿ. ಡಿಎನ್‌ಎಸ್ ಟ್ಯಾಬ್‌ನಲ್ಲಿ ‘ಆಲ್ವೇಸ್ ಡೈನಮಿಕಲಿ ಅಪ್‌ಡೇಟ್’ ಆರಿಸಿ, ಲೀಸ್ ಅಳಿದಾಗ ‘ಎ’ ಮತ್ತು ಪಿಟಿಆರ್ ತೆಗೆಯುವ ಆಯ್ಕೆ ಆನ್ ಇದೆಯೇ ಖಚಿತಪಡಿಸಿಕೊಳ್ಳಿ. ಡಿಎಚ್‌ಸಿಪಿ ಸರ್ವರ್ ಎರಡಿದ್ದರೆ ಎರಡಕ್ಕೂ ಒಂದೇ ಖಾತೆ. ಈಗಾಗಲೇ ಇರುವ ರೆಕಾರ್ಡ್‌ಗಳ ಒಡೆತನ ಇದರಿಂದ ಬದಲಾಗುವುದಿಲ್ಲ. ಅವನ್ನು ಒಮ್ಮೆ ಅಳಿಸಿಯೇ ಆಗಬೇಕು. ‘ಡಿಎನ್‌ಎಸ್‌ಅಪ್‌ಡೇಟ್‌ಪ್ರಾಕ್ಸಿ’ ಗುಂಪಿಗೆ ಡಿಎಚ್‌ಸಿಪಿ ಸರ್ವರನ್ನು ಸೇರಿಸುವ ಸಲಹೆಯೂ ಚಾಲ್ತಿಯಲ್ಲಿದೆ. ಆ ಗುಂಪು ಬರೆದ ರೆಕಾರ್ಡ್‌ಗೆ ಒಡೆತನದ ರಕ್ಷಣೆಯೇ ಇರುವುದಿಲ್ಲ. ಡಿಎಚ್‌ಸಿಪಿ ಡೊಮೇನ್ ಕಂಟ್ರೋಲರ್ ಮೇಲೇ ಓಡುತ್ತಿದ್ದರೆ ಆ ದಾರಿ ಬೇಡವೇ ಬೇಡ.

ಎರಡನೇ ನೆಟ್‌ವರ್ಕ್ ಕಾರ್ಡ್. ಸರ್ವರ್‌ನಲ್ಲಿ ಬ್ಯಾಕಪ್‌ಗೋ ಸ್ಟೋರೇಜ್‌ಗೋ ಬೇರೆ ಕಾರ್ಡ್ ಇದ್ದರೆ ಅದರ ಐಪಿಯೂ ಅದೇ ಹೆಸರಿನಲ್ಲಿ ನೋಂದಾಯಿತವಾಗುತ್ತದೆ. ನೀವು ಅಳಿಸಿದಷ್ಟು ಸಲ ಮತ್ತೆ ಹುಟ್ಟಿ ಬರುವ ರೆಕಾರ್ಡ್ ಬಹುತೇಕ ಇದೇ. ಆ ಕಾರ್ಡಿನ ಐಪಿವಿ4 ಅಡ್ವಾನ್ಸ್ಡ್ ಡಿಎನ್‌ಎಸ್ ಟ್ಯಾಬ್‌ನಲ್ಲಿ ‘ರಿಜಿಸ್ಟರ್ ದಿಸ್ ಕನೆಕ್ಷನ್ಸ್ ಅಡ್ರೆಸಸ್ ಇನ್ ಡಿಎನ್‌ಎಸ್’ ಟಿಕ್ ತೆಗೆಯಿರಿ. ಲ್ಯಾಪ್‌ಟಾಪುಗಳಲ್ಲಿ ವಿಪಿಎನ್ ಅಡಾಪ್ಟರ್ ಇದೇ ಕಿತಾಪತಿ ಮಾಡುತ್ತದೆ.

ಹಂತ 7: ಸ್ಕ್ಯಾವೆಂಜಿಂಗ್ ಆನ್ ಮಾಡಿ, ಆದರೆ ಅವಸರ ಬೇಡ

ಸ್ಕ್ಯಾವೆಂಜಿಂಗ್ ಎಂದರೆ ಬಹಳ ದಿನ ನವೀಕರಣಗೊಳ್ಳದ ಡೈನಮಿಕ್ ರೆಕಾರ್ಡ್‌ಗಳನ್ನು ಸರ್ವರ್ ತಾನೇ ಗುಡಿಸಿಹಾಕುವುದು. ಇದು ಕೆಲಸ ಮಾಡಬೇಕಾದರೆ ಮೂರು ಕಡೆ ಒಪ್ಪಿಗೆ ಬೇಕು: ರೆಕಾರ್ಡ್‌ಗೆ ಟೈಮ್‌ಸ್ಟ್ಯಾಂಪ್ ಇರಬೇಕು, ಝೋನ್‌ನಲ್ಲಿ ಏಜಿಂಗ್ (ರೆಕಾರ್ಡ್‌ನ ವಯಸ್ಸಿನ ಲೆಕ್ಕ ಇಡುವುದು) ಆನ್ ಇರಬೇಕು, ಸರ್ವರ್‌ನಲ್ಲಿ ಸ್ಕ್ಯಾವೆಂಜಿಂಗ್ ಆನ್ ಇರಬೇಕು. “ಆನ್ ಮಾಡಿದ್ದೇವೆ, ಏನೂ ಅಳಿಯುತ್ತಿಲ್ಲ” ಎನ್ನುವವರಲ್ಲಿ ಹೆಚ್ಚಿನವರು ಮೂರರಲ್ಲಿ ಎರಡನ್ನು ಮಾತ್ರ ಮಾಡಿರುತ್ತಾರೆ.

ಗಡುವುಗಳು ಎರಡು. ನೋ-ರಿಫ್ರೆಶ್ ಅವಧಿ, ಡೀಫಾಲ್ಟ್ 7 ದಿನ: ಈ ದಿನಗಳಲ್ಲಿ ಕಂಪ್ಯೂಟರ್ “ನಾನು ಇದ್ದೇನೆ” ಎಂದು ಬಂದರೂ ಟೈಮ್‌ಸ್ಟ್ಯಾಂಪ್ ಬದಲಾಗುವುದಿಲ್ಲ. ರೆಪ್ಲಿಕೇಶನ್ ಹೊರೆ ತಗ್ಗಿಸಲು ಈ ಏರ್ಪಾಡು. ಐಪಿ ಬದಲಾದರೆ ಮಾತ್ರ ಯಾವಾಗ ಬೇಕಾದರೂ ತಿದ್ದಬಹುದು. ಆಮೇಲೆ ರಿಫ್ರೆಶ್ ಅವಧಿ, ಇನ್ನೂ 7 ದಿನ: ಇದರೊಳಗೆ ಕಂಪ್ಯೂಟರ್ ಒಮ್ಮೆ ಬಂದು ಹೋದರೆ ಸಾಕು. ಬರದಿದ್ದರೆ ರೆಕಾರ್ಡ್ ಅಳಿಸಲು ಅರ್ಹ. ಗುಡಿಸುವ ಕೆಲಸ ನಡೆಯುವುದು ಡೀಫಾಲ್ಟ್ ಆಗಿ 7 ದಿನಕ್ಕೊಮ್ಮೆ. ಲೆಕ್ಕ ಹಾಕಿ: ತಿಂಗಳ 1ರಂದು ಕೊನೆಯದಾಗಿ ನವೀಕರಣಗೊಂಡ ರೆಕಾರ್ಡ್ 15ಕ್ಕೆ ಅರ್ಹವಾಗುತ್ತದೆ, ನಿಜವಾಗಿ ಹೋಗುವುದು 22ರೊಳಗೆ ಯಾವಾಗಲಾದರೂ. ನಿನ್ನೆ ಆನ್ ಮಾಡಿ ಇವತ್ತು ಫಲ ಹುಡುಕಬೇಡಿ.

ಆನ್ ಮಾಡುವ ಕ್ರಮ ಹೀಗಿರಲಿ.

ಅ) ಮೊದಲು ಝೋನ್‌ನಲ್ಲಿ ಮಾತ್ರ ಏಜಿಂಗ್ ಆನ್ ಮಾಡಿ: ಝೋನ್‌ನ ಪ್ರಾಪರ್ಟೀಸ್, ಜನರಲ್ ಟ್ಯಾಬ್, ‘ಏಜಿಂಗ್’ ಬಟನ್. ರಿವರ್ಸ್ ಝೋನ್‌ಗೂ ಅಷ್ಟೇ. ಸರ್ವರ್ ಮಟ್ಟದ್ದು ಈಗ ಬೇಡ.

ಆ) ಎರಡೂ ಅವಧಿಗಳ ಮೊತ್ತದಷ್ಟು, ಅಂದರೆ 14 ದಿನ, ಬಿಡಿ. ಏಜಿಂಗ್ ಆಫ್ ಇದ್ದ ಕಾಲದ ಟೈಮ್‌ಸ್ಟ್ಯಾಂಪ್‌ಗಳು ನಂಬಲರ್ಹವಲ್ಲ; ಜೀವಂತ ಸರ್ವರ್‌ಗೂ ಎರಡು ವರ್ಷ ಹಿಂದಿನ ದಿನಾಂಕ ಇರಬಹುದು. ಈ ಎರಡು ವಾರದಲ್ಲಿ ಜೀವಂತ ಮಷೀನ್‌ಗಳೆಲ್ಲ ತಮ್ಮ ದಿನಾಂಕ ಹೊಸದಾಗಿಸಿಕೊಳ್ಳುತ್ತವೆ.

ಇ) ಟೈಮ್‌ಸ್ಟ್ಯಾಂಪ್ ಕಾಲಂ ಪ್ರಕಾರ ವಿಂಗಡಿಸಿ, 14 ದಿನಕ್ಕಿಂತ ಹಳೆಯವನ್ನು ಒಂದೊಂದಾಗಿ ನೋಡಿ. ಅಲ್ಲಿ ಬದುಕಿರುವ ಸರ್ವರ್ ಕಂಡರೆ ಅದು ನೋಂದಾಯಿಸಿಕೊಳ್ಳುತ್ತಿಲ್ಲ ಎಂದರ್ಥ. ಕಾರಣ ಸರಿಪಡಿಸಿ ಅಥವಾ ಚೆಕ್‌ಬಾಕ್ಸ್ ತೆಗೆದು ಸ್ಟ್ಯಾಟಿಕ್ ಮಾಡಿ. ಇಡೀ ಕೆಲಸದಲ್ಲಿ ತಲೆ ಕೊಟ್ಟು ಮಾಡಬೇಕಾದದ್ದು ಇದೊಂದೇ ಹೆಜ್ಜೆ, ಅವಸರದಲ್ಲಿ ಬಿಟ್ಟುಹೋಗುವುದೂ ಇದೇ.

ಈ) ಈಗ ಒಂದೇ ಒಂದು ಸರ್ವರ್‌ನಲ್ಲಿ ಸ್ಕ್ಯಾವೆಂಜಿಂಗ್ ಆನ್ ಮಾಡಿ: ಸರ್ವರ್‌ನ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್. ಅಳಿಸಿದ್ದು ರೆಪ್ಲಿಕೇಶನ್ ಮೂಲಕ ಎಲ್ಲೆಡೆ ಹೋಗುತ್ತದೆ, ಎಲ್ಲ ಸರ್ವರ್‌ಗಳೂ ಗುಡಿಸಬೇಕಿಲ್ಲ. ಏನಾದರೂ ಎಡವಟ್ಟಾದರೆ ನೋಡಬೇಕಾದ ಲಾಗ್ ಒಂದೇ ಇರುತ್ತದೆ. ಡಿಎನ್‌ಎಸ್ ಸರ್ವರ್ ಲಾಗ್‌ನಲ್ಲಿ ಈವೆಂಟ್ 2501 ಎಂದರೆ ಗುಡಿಸಿ ಕೆಲವನ್ನು ತೆಗೆದಿದೆ, 2502 ಎಂದರೆ ತೆಗೆಯಲು ಏನೂ ಸಿಗಲಿಲ್ಲ.

ಒಂದು ಆದೇಶವನ್ನು ಕನಸಿನಲ್ಲೂ ಕೊಡಬೇಡಿ: ‘ಡಿಎನ್‌ಎಸ್‌ಸಿಎಂಡಿ /ಏಜ್‌ಆಲ್‌ರೆಕಾರ್ಡ್ಸ್’. ಇದು ಸ್ಟ್ಯಾಟಿಕ್ ರೆಕಾರ್ಡ್‌ಗಳಿಗೂ ಟೈಮ್‌ಸ್ಟ್ಯಾಂಪ್ ಒತ್ತಿಬಿಡುತ್ತದೆ. ಎರಡು ಮೂರು ವಾರ ಎಲ್ಲವೂ ಸರಿಯಾಗೇ ಕಾಣುತ್ತದೆ. ಆಮೇಲೆ ಪ್ರಿಂಟರ್, ಮೇಲ್ ಸರ್ವರ್, ಕೈಯಿಂದ ಬರೆದ ಸಿನೇಮ್‌ಗಳು ಒಂದೇ ದಿನ ಮಾಯವಾಗುತ್ತವೆ. ಅಷ್ಟರಲ್ಲಿ ಆದೇಶ ಕೊಟ್ಟದ್ದು ಯಾರಿಗೂ ನೆನಪಿರುವುದಿಲ್ಲ.

ಲೀಸ್ ಅವಧಿಗೂ ಈ ಗಡುವುಗಳಿಗೂ ಸಂಬಂಧವಿದೆ. ವಿಂಡೋಸ್ ಡಿಎಚ್‌ಸಿಪಿಯ ಡೀಫಾಲ್ಟ್ ಲೀಸ್ 8 ದಿನ. ಅರ್ಧ ಮುಗಿದಾಗ ಕಂಪ್ಯೂಟರ್ ನವೀಕರಿಸಿಕೊಳ್ಳುತ್ತದೆ. ಇದಕ್ಕೆ 7 ಮತ್ತು 7 ಹೊಂದುತ್ತದೆ. ಆದರೆ ವೈಫೈಗೆ 8 ಗಂಟೆಯ ಲೀಸ್ ಇಟ್ಟಿದ್ದರೆ ಒಂದೇ ಐಪಿ ವಾರದಲ್ಲಿ ಹತ್ತಾರು ಕೈ ಬದಲಿಸುತ್ತದೆ, ಡಿಎನ್‌ಎಸ್‌ನಲ್ಲಿ ಅಷ್ಟೂ ಹೆಸರುಗಳು ಅದೇ ಐಪಿ ತೋರಿಸುತ್ತಾ ಕೂತಿರುತ್ತವೆ. ಸ್ಕ್ಯಾವೆಂಜಿಂಗ್ ಅದನ್ನು ಹಿಡಿಯಲಾರದು. ಅಲ್ಲಿ ಡಿಎಚ್‌ಸಿಪಿಯೇ ಬರೆದು ಡಿಎಚ್‌ಸಿಪಿಯೇ ಅಳಿಸುವ ಹಂತ 6ರ ಏರ್ಪಾಡು ಬೇಕು. ಅತಿಥಿಗಳ ವೈಫೈ ಆದರೆ ಡಿಎನ್‌ಎಸ್‌ನಲ್ಲಿ ನೋಂದಾಯಿಸುವುದನ್ನೇ ಆಫ್ ಮಾಡಿ.

ಹಂತ 8: ಬೈಂಡ್, ಡಿಎನ್‌ಎಸ್‌ಮಾಸ್ಕ್ ಬಳಸುವವರಿಗೆ

ಬೈಂಡ್‌ನಲ್ಲಿ ಪ್ರೈಮರಿ (ಮೂಲ ಝೋನ್ ಇರುವ ಸರ್ವರ್) ಸರಿ, ಸೆಕೆಂಡರಿ (ಅದರ ಪ್ರತಿ ಇಟ್ಟುಕೊಳ್ಳುವ ಸರ್ವರ್) ಮಾತ್ರ ಹಳೆಯದು ಎಂದರೆ ಮೊದಲ ಅನುಮಾನ ಸೀರಿಯಲ್ ಸಂಖ್ಯೆ. ಝೋನ್ ಫೈಲ್ ತಿದ್ದಿ ಎಸ್‌ಒಎ ಸಾಲಿನ (ಝೋನ್‌ನ ಬಗ್ಗೆಯೇ ವಿವರ ಕೊಡುವ ಸಾಲಿನ) ಸೀರಿಯಲ್ ಹೆಚ್ಚಿಸದಿದ್ದರೆ ಸೆಕೆಂಡರಿಗೆ ಏನೋ ಬದಲಾಗಿದೆ ಎಂದೇ ಗೊತ್ತಾಗುವುದಿಲ್ಲ. ಎರಡನ್ನೂ ಕೇಳಿ ಹೋಲಿಸಿ:

ಡಿಗ್ +ಶಾರ್ಟ್ ಎಸ್‌ಒಎ ಆಫೀಸ್.ಟೆಸ್ಟ್ @192.168.10.2

ಡಿಗ್ +ಶಾರ್ಟ್ ಎಸ್‌ಒಎ ಆಫೀಸ್.ಟೆಸ್ಟ್ @192.168.10.3

ಸೀರಿಯಲ್ 32 ಬಿಟ್ ಸಂಖ್ಯೆ, ಗರಿಷ್ಠ 4294967295. ವರ್ಷ, ತಿಂಗಳು, ದಿನ, ಎರಡಂಕಿಯ ಸರದಿ ಎಂದು 10 ಅಂಕಿ ಬರೆಯುವ ರೂಢಿಯಲ್ಲಿ ಒಂದು ಅಂಕಿ ಜಾಸ್ತಿಯಾದರೆ ಮಿತಿ ದಾಟುತ್ತದೆ. ರೀಲೋಡ್‌ಗೆ ಮುಂಚೆ ‘ನೇಮ್ಡ್-ಚೆಕ್‌ಝೋನ್’ ಓಡಿಸುವ ಅಭ್ಯಾಸ ಇಟ್ಟುಕೊಳ್ಳಿ.

ಡೈನಮಿಕ್ ಅಪ್‌ಡೇಟ್ ಇರುವ ಝೋನ್‌ನ ಫೈಲನ್ನು ನೇರವಾಗಿ ತಿದ್ದಬಾರದು. ಬದಲಾವಣೆಗಳು ಮೊದಲು ‘.ಜೆಎನ್‌ಎಲ್’ ಜರ್ನಲ್ ಫೈಲಿನಲ್ಲಿರುತ್ತವೆ. ನೀವು ತಿದ್ದಿದ ಫೈಲಿಗೂ ಅದಕ್ಕೂ ತಾಳೆ ತಪ್ಪಿದರೆ ಝೋನ್ ಲೋಡ್ ಆಗುವುದೇ ನಿಲ್ಲಬಹುದು. ‘ಆರ್‌ಎನ್‌ಡಿಸಿ ಫ್ರೀಝ್ ಆಫೀಸ್.ಟೆಸ್ಟ್’ ಕೊಟ್ಟು, ತಿದ್ದಿ, ಸೀರಿಯಲ್ ಏರಿಸಿ, ‘ಆರ್‌ಎನ್‌ಡಿಸಿ ಥಾ ಆಫೀಸ್.ಟೆಸ್ಟ್’ ಕೊಡಿ. ಒಂದೆರಡು ಸಾಲಾದರೆ ‘ಎನ್‌ಎಸ್‌ಅಪ್‌ಡೇಟ್’ ಬಳಸುವುದೇ ಒಳ್ಳೆಯದು.

ಐಎಸ್‌ಸಿ ಡಿಎಚ್‌ಸಿಪಿ ಎಂಬ ಡಿಎಚ್‌ಸಿಪಿ ತಂತ್ರಾಂಶ ಬೈಂಡ್‌ಗೆ ಬರೆಯುತ್ತಿದ್ದರೆ ಪ್ರತಿ ‘ಎ’ ಪಕ್ಕದಲ್ಲಿ ಒಂದು ಟಿಎಕ್ಸ್‌ಟಿ ಅಥವಾ ಡಿಎಚ್‌ಸಿಐಡಿ ರೆಕಾರ್ಡ್ ಇರುತ್ತದೆ. ಅದು ಒಡೆತನದ ಮುದ್ರೆ. ಮಷೀನಿನ ನೆಟ್‌ವರ್ಕ್ ಕಾರ್ಡ್ ಬದಲಾದರೆ ಮುದ್ರೆ ಹೊಂದುವುದಿಲ್ಲ, ಡಿಎಚ್‌ಸಿಪಿ ಹಳೇ ಸಾಲನ್ನು ಮುಟ್ಟುವುದಿಲ್ಲ. ಎರಡನ್ನೂ ಜೊತೆಯಲ್ಲೇ ಅಳಿಸಿ.

ಡಿಎನ್‌ಎಸ್‌ಮಾಸ್ಕ್‌ನಲ್ಲಿ ಹೆಸರು ಬರುವುದು ಲೀಸ್ ಫೈಲ್ ಮತ್ತು ಸರ್ವರ್‌ನ ‘/ಇಟಿಸಿ/ಹೋಸ್ಟ್ಸ್’ನಿಂದ. ಫೈಲ್ ತಿದ್ದಿ ಆ ಪ್ರೊಸೆಸ್‌ಗೆ ಹಪ್ ಸಿಗ್ನಲ್ ಕಳಿಸಿದರೆ ಕ್ಯಾಶ್ ಖಾಲಿಯಾಗಿ ಹೋಸ್ಟ್ಸ್ ಮತ್ತೆ ಓದಲ್ಪಡುತ್ತದೆ. ಮುಖ್ಯ ಸಂರಚನಾ ಫೈಲ್ ಬದಲಿಸಿದ್ದರೆ ಸಿಗ್ನಲ್ ಸಾಲದು, ರೀಸ್ಟಾರ್ಟ್ ಬೇಕು.

ಮುಂದಿನ ಸಲ ಐಪಿ ಬದಲಾಯಿಸುವ ಮುನ್ನ

ಬದಲಾವಣೆಯ ದಿನ ಗೊತ್ತಿದ್ದರೆ, ಹಳೇ ಟಿಟಿಎಲ್ ಎಷ್ಟಿದೆಯೋ ಕನಿಷ್ಠ ಅಷ್ಟು ಸಮಯ ಮುಂಚೆಯೇ ಆ ರೆಕಾರ್ಡ್‌ನ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿ. ಟಿಟಿಎಲ್ ಒಂದು ದಿನ ಇದ್ದು, ಬದಲಾವಣೆಗೆ ಹತ್ತು ನಿಮಿಷ ಮೊದಲು ಇಳಿಸಿದರೆ ಪ್ರಯೋಜನವಿಲ್ಲ. ಹಳೇ ಉತ್ತರವನ್ನು ಈಗಾಗಲೇ ಒಯ್ದವರು ತಮ್ಮ ಒಂದು ದಿನ ಮುಗಿಸಿಯೇ ಮತ್ತೆ ಕೇಳುವುದು. ಬದಲಾವಣೆಯ ನಂತರ ಎಲ್ಲ ಡಿಎನ್‌ಎಸ್ ಸರ್ವರ್‌ಗಳನ್ನೂ ಹೆಸರಿಸಿ ಹಂತ 2ರ ಎನ್‌ಎಸ್‌ಲುಕಪ್ ಓಡಿಸಿ, ಪಿಟಿಆರ್ ನೋಡಿ, ಎರಡು ದಿನ ಬಿಟ್ಟು ಟಿಟಿಎಲ್ ಮೊದಲಿನಂತೆ ಮಾಡಿ. ಹಳೇ ಐಪಿಯನ್ನು ಕೂಡಲೇ ಬೇರೆ ಮಷೀನಿಗೆ ಕೊಡಬೇಡಿ. ಒಂದು ವಾರ ಖಾಲಿ ಬಿಟ್ಟರೆ, ಇನ್ನೂ ಅಲ್ಲಿಗೇ ಹೋಗುತ್ತಿರುವ ಅಪ್ಲಿಕೇಶನ್‌ಗಳು ತಪ್ಪು ಸರ್ವರ್‌ಗೆ ಹೋಗಿ ಸೇರುವ ಬದಲು ಟೈಮ್‌ಔಟ್ ಆಗುತ್ತವೆ, ಯಾವುವು ಎಂದು ನಿಮಗೆ ದೂರಿನ ರೂಪದಲ್ಲೇ ಗೊತ್ತಾಗುತ್ತದೆ.